ಒಂದು ಸಲಕ್ಕೆ ಒಂದೇ ಚಕ್ರ

ಹೋದ ತಿಂಗಳು ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಪಾರ್ಚ್‌ಮೆಂಟ್ ಕಾಫಿಯ ಮೂಟೆ ಇಳಿಸಿ ರಸೀದಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿ ಗೋಣಿಬೀಡು ಕಡೆಯ ಇಬ್ಬರು ಮಾತಾಡಿಕೊಳ್ಳುತ್ತಿದ್ದರು.

"ಶೆಡ್ಡಿನವ್ರು ಹೋದ್ರಂತೆ ಮಾರಾಯ."

"ಯಾವ ಶೆಡ್ಡಿನವ್ರು?"

"ಅದೇ, ಬ್ರೇಕ್ ಉಲ್ಟಾ ಹಾಕಿದ್ರಲ್ಲ! ಮುಂದೆ ಹೋದ್ರೆ ನಿಲ್ಲಲ್ಲ, ರಿವರ್ಸ್ ಹೋದ್ರೆ ಗಕ್ಕಂತ ನಿಲ್ತಿತ್ತಲ್ಲ ಆ ಕಾರು!"

ಇಬ್ಬರೂ ನಕ್ಕರು. ಆಮೇಲೆ ಒಬ್ಬ, "ಪಾಪ, ಒಳ್ಳೆ ಮನುಷ್ಯ" ಎಂದ. ಇನ್ನೊಬ್ಬ ಹೌದೆಂದು ತಲೆಯಾಡಿಸಿ ಈ ವರ್ಷದ ಮಳೆಯ ಮಾತು ತೆಗೆದ.

ಆ ಕಾರು ನನ್ನದು. ಅವತ್ತು ಸ್ಟೇರಿಂಗ್ ಹಿಡಿದು ಕೂತವಳೂ ನಾನೇ. ಜೀವಮಾನವೆಲ್ಲ ಗ್ರೀಸಿನಲ್ಲಿ ಕೈಯದ್ದಿ ದುಡಿದ ಮನುಷ್ಯನಿಗೆ ಊರು ಕೊನೆಗೆ ಉಳಿಸಿದ ಹೆಸರು ಇದು. ಅಲ್ಲೇ ತಿರುಗಿ ನಿಂತು ನಡೆದದ್ದನ್ನು ಹೇಳಬಹುದಿತ್ತು. ಹೇಳಲಿಲ್ಲ, ರಸೀದಿ ಇಸಿದುಕೊಂಡು ಬಂದೆ. ಬೇಡದ ಕಡೆ ಹರಿಯುವ ನನ್ನ ಬಾಯಿ ಬೇಕಾದ ಕಡೆ ಕಟ್ಟಿಹೋಗುತ್ತದೆ. ಇದು ನನ್ನ ಹಳೇ ರೋಗ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ.

ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು ಶೆಡ್ಡಿನವರು. ಗೋಣಿಬೀಡಿನಿಂದ ಮೂಡಿಗೆರೆ ದಾರಿ ಹಿಡಿದರೆ ಮನೆಗಳು ಮುಗಿಯುವಲ್ಲಿ ನಾಲ್ಕು ಕಂಬ ನೆಟ್ಟು ತಗಡು ಹೊದಿಸಿದ ಜಾಗ, ಅದರ ಹಿಂದೆಯೇ ಅವರ ಮನೆ. ತೆಳ್ಳಗಿನ ಆಳು. ಕನ್ನಡಕದ ಒಂದು ಕಡ್ಡಿ ಮುರಿದು ಅದಕ್ಕೆ ತಾಮ್ರದ ತಂತಿ ಸುತ್ತಿತ್ತು. ಅಪ್ಪ ಯಾವುದೋ ಎಸ್ಟೇಟಿನ ಲಾರಿ ಓಡಿಸುತ್ತಿದ್ದವರಂತೆ, ಇವರು ಲಾರಿಯ ಕೆಳಗೆ ಮಲಗಿಯೇ ಕೆಲಸ ಕಲಿತವರು. ಮಾತು ಬಹಳ ಕಡಿಮೆ. ಕಾರು ತಂದವರು ಏನು ಕೇಳಿದರೂ ಒಂದೇ ಉತ್ತರ: "ಬಿಚ್ಚಿ ನೋಡ್ದೆ ಹೇಳಲ್ಲ." ಮೊದಮೊದಲು ನನಗೆ ಇದು ಕೊಬ್ಬೆನಿಸುತ್ತಿತ್ತು.

ನನಗೆ ಅವರ ಪರಿಚಯವಾದದ್ದು ಕಷ್ಟಕಾಲದಲ್ಲಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಯಜಮಾನರಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು, ಮಾತೂ ಹೋಯಿತು. ಉಳಿದದ್ದು ಒಂದೇ ಪದ, "ಹೋಗ್ಲಿ". ಹಸಿವಾದರೂ ಹೋಗ್ಲಿ, ಸಿಟ್ಟು ಬಂದರೂ ಹೋಗ್ಲಿ, ತೋಟಕ್ಕೆ ಆಳು ಬಂದರೂ ಹೋಗ್ಲಿ. ಹದಿನಾಲ್ಕು ಎಕರೆ ತೋಟ, ಯಜಮಾನರೇ ಓಡಿಸುತ್ತಿದ್ದ ಹಳೇ ಅಂಬಾಸಿಡರ್, ಮತ್ತು ನಾನು. ಚಿಕ್ಕಮಗಳೂರಿಗೆ ತಿಂಗಳಿಗೊಮ್ಮೆ ಹೊರಗಿನಿಂದ ಒಬ್ಬ ನರದ ಡಾಕ್ಟರು ಬರುತ್ತಿದ್ದರು. ಆ ಗುರುವಾರ ತಪ್ಪಿದರೆ ಇನ್ನೊಂದು ತಿಂಗಳು ಕಾಯಬೇಕು. ಡ್ರೈವರನ್ನು ಇಟ್ಟು ನೋಡಿದೆ, ಮೂರು ತಿಂಗಳಲ್ಲಿ ಇಬ್ಬರು ಬಿಟ್ಟು ಹೋದರು. ನನ್ನ ಬಾಯಿಯೇ ಕಾರಣ ಎಂದು ನಾದಿನಿ ಹೇಳುತ್ತಾಳೆ, ಇರಬಹುದು. ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೇ ಕಲಿತೆ.

ನಾನು ಮೊದಲ ಸಲ ಕಾರನ್ನು ಶೆಡ್ಡಿಗೆ ಒಯ್ದಾಗ ಅವರು ಕಾರನ್ನು ನೋಡುವ ಮೊದಲು ನನ್ನ ಚಪ್ಪಲಿ ನೋಡಿದರು.

"ಈ ಹೀಲು ಹಾಕ್ಕೊಂಡು ಬ್ರೇಕ್ ಒತ್ತೀರಾ ಅಮ್ಮ?"

"ಒತ್ತಿಯೇ ಅಲ್ವಾ ಇಲ್ಲೀವರೆಗೆ ಬಂದಿದ್ದು?"

"ಬಂದಿದ್ದು ಏರುದಾರೀಲಿ. ಇಳಿಯೋವಾಗ ಬರಿಗಾಲಲ್ಲಿ ಹೋಗಿ."

ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಹೋಗಬಾರದು, ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಹೇಳಿಕೊಟ್ಟದ್ದು ಅವರೇ. ಕಲಿಸುತ್ತೇನೆ ಎಂಬ ಠೀವಿಯಿಲ್ಲ. ಕಾರಿನ ಕೆಳಗೆ ಮಲಗಿಕೊಂಡೇ, ಯಾರಿಗೋ ಎಂಬಂತೆ ಹೇಳುತ್ತಿದ್ದರು.

ಅವರ ಕೈ ಪಳಗಿದ್ದು ಬ್ರೇಕಿನಲ್ಲಿ. ಗೇರ್‌ಬಾಕ್ಸು, ಎಂಜಿನ್ನು ಬೇರೆಯವರೂ ಮಾಡುತ್ತಿದ್ದರು. ಆದರೆ ಈ ಬೆಟ್ಟದ ದಾರಿಯಲ್ಲಿ ಬದುಕಬೇಕೆಂದಿರುವವರೆಲ್ಲ ಬ್ರೇಕಿಗೆ ಇವರ ಹತ್ತಿರವೇ ಬರುತ್ತಿದ್ದರು. ಬಾಬಾಬುಡನ್‌ಗಿರಿಗೆ ಜನ ಹೊತ್ತೊಯ್ಯುವ ಟ್ಯಾಕ್ಸಿಗಳು, ಕಳಸದ ಕಡೆಯ ಜೀಪುಗಳು ಕೂಡ. ಆ ಕಾಲದ ಅಂಬಾಸಿಡರಿನ ಮುಂದಿನ ಚಕ್ರದೊಳಗೆ ಬೋಗುಣಿಯಂಥ ಕಬ್ಬಿಣದ ಡ್ರಮ್ಮು, ಅದರೊಳಗೆ ಅರ್ಧಚಂದ್ರದ ಆಕಾರದ ಎರಡು ಶೂ. ಪೆಡಲ್ ಒತ್ತಿದರೆ ಶೂಗಳು ಅಗಲವಾಗಿ ತಿರುಗುವ ಡ್ರಮ್ಮನ್ನು ಒಳಗಿನಿಂದ ಕಚ್ಚಿ ಹಿಡಿಯುತ್ತವೆ. ಇಷ್ಟೇ ವಿದ್ಯೆ. ಹೊಸ ಡ್ರಮ್ಮನ್ನು ಅವರು ಹಾಗೇ ಹಾಕುತ್ತಿರಲಿಲ್ಲ. ಒಂದು ಬೆರಳಲ್ಲಿ ನೇತುಹಾಕಿ ಸ್ಪ್ಯಾನರಿನಿಂದ ತಟ್ಟಿ, ಕಣ್ಣುಮುಚ್ಚಿ ಕೇಳುತ್ತಿದ್ದರು. ಠಣ್ಣೆಂದು ಕೊನೆತನಕ ಮೊಳಗಿದರೆ ಸರಿ. ದನಿ ನಡುವೆ ಸತ್ತರೆ, ಎಲ್ಲೋ ಕಣ್ಣಿಗೆ ಕಾಣದ ಬಿರುಕಿದೆ ಎಂದು ಗೋಣಿಚೀಲಕ್ಕೆ ಹಾಕಿಕೊಂಡು ಮರುದಿನ ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋಗಿ ಬದಲಾಯಿಸಿ ತರುತ್ತಿದ್ದರು.

ಅವರದೊಂದು ಕಟ್ಟಳೆಯಿತ್ತು. ಎರಡು ಚಕ್ರದ ಕೆಲಸವಿದ್ದರೂ ಎರಡನ್ನೂ ಒಟ್ಟಿಗೆ ಬಿಚ್ಚುತ್ತಿರಲಿಲ್ಲ. ಒಂದನ್ನು ಬಿಚ್ಚಿ, ತೊಳೆದು, ಜೋಡಿಸಿ, ಮುಚ್ಚಿದ ಮೇಲೆಯೇ ಇನ್ನೊಂದಕ್ಕೆ ಕೈ. ಯಾಕೆಂದು ಕೇಳಿದ್ದಕ್ಕೆ, "ಬಿಚ್ಚದೇ ಇರೋ ಚಕ್ರಾನೇ ನಂಗೆ ಪುಸ್ತಕ ಅಮ್ಮ. ಮರ್ತುಹೋದ್ರೆ ಅದನ್ನ ನೋಡಿ ಬರ್ಕೊಳ್ಳೋದು" ಎಂದಿದ್ದರು. ಇನ್ನೊಂದು ಕಟ್ಟಳೆ, ಬ್ರೇಕಿನ ಕೆಲಸವಾದ ಕಾರು ಮೊದಲ ಸಲ ಇಳಿಜಾರು ಇಳಿಯುವಾಗ ಇವರು ಅದರೊಳಗೆ ಇರಲೇಬೇಕು. ಎಡಗಡೆಯ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಎರಡೂ ಕೈ ಇಟ್ಟು, ಮಾತಿಲ್ಲದೆ ಬರುವುದು. ಕೆಳಗೆ ತಲುಪಿದ ಮೇಲೆ "ಬರ್ತೀನಿ" ಎಂದು ಇಳಿದು ಬಸ್ಸಿಗೆ ಕಾಯುವುದು. ಎಷ್ಟೋ ಸಲ ಊಟದ ಹೊತ್ತು ಮೀರಿ ಆ ಬಸ್‌ಸ್ಟಾಪಿನಲ್ಲಿ ಅವರು ಕುಕ್ಕರಗಾಲಲ್ಲಿ ಕೂತಿರುವುದನ್ನು ನೋಡಿದ್ದೇನೆ.

ಇಲ್ಲ ಎಂದು ಹೇಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ನಮ್ಮ ಸೀಮೆಯ ದೊಡ್ಡ ಪ್ಲಾಂಟರ್ ಒಬ್ಬರು, ಹೆಸರು ಬೇಡ, ಮಗಳ ನಿಶ್ಚಿತಾರ್ಥಕ್ಕೆ ಹೋಗಬೇಕು, ಈಗಲೇ ಕಾರು ಕೊಡು ಎಂದು ಶೆಡ್ಡಿನಲ್ಲಿ ನಿಂತು ಕೂಗಾಡಿದ್ದರು. ಅಂದು ನಾನೂ ಅಲ್ಲಿದ್ದೆ. ಇವರು ಕಾರಿನ ಕೀಲಿ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡರು. "ಒಂದು ಚಕ್ರ ಆಗಿದೆ ಸ್ವಾಮಿ, ಇನ್ನೊಂದು ಆಗಿಲ್ಲ. ನೀವು ಜೀಪಲ್ಲಿ ಹೋಗಿ" ಎಂದವರೇ ಊಟಕ್ಕೆ ಮನೆಯೊಳಗೆ ಹೋದರು. ಪ್ಲಾಂಟರು ಹಲ್ಲು ಕಡಿಯುತ್ತ ಜೀಪಿನಲ್ಲೇ ಹೋದರು. ಮುಂದಿನ ವರ್ಷ ಕಾರು ಮತ್ತೆ ಇಲ್ಲಿಗೇ ಬಂತು.

ಕಾರನ್ನು ಮೊದಲಿನಿಂದ ಅವರಲ್ಲಿಗೇ ಒಯ್ಯುತ್ತಿದ್ದ ನಮ್ಮ ಯಜಮಾನರಿಗೆ ಅವರೆಂದರೆ ಪ್ರಾಣ. ಲಕ್ವ ಹೊಡೆದ ಮೇಲೆ ನೆಂಟರೆಲ್ಲ ಯಜಮಾನರನ್ನು ಮಗುವಿನಂತೆಯೋ ಕಿವುಡನಂತೆಯೋ ಮಾತಾಡಿಸುತ್ತಿದ್ದರು. ಶೆಡ್ಡಿನವರು ಮಾತ್ರ ಹಿಂದಿನಂತೆಯೇ, "ಹಿಂದಿನ ಸ್ಪ್ರಿಂಗ್ ಪಟ್ಟಿ ಸ್ವಲ್ಪ ಕೂತಂಗಿದೆ, ಏನ್ಮಾಡಣ?" ಎಂದು ಕೇಳಿ, "ಹೋಗ್ಲಿ" ಎಂದು ಬಂದ ಉತ್ತರವನ್ನು ಯೋಚಿಸಿ, "ಸರಿ, ಈ ಮಳೆಗಾಲ ಕಳೀಲಿ" ಎನ್ನುತ್ತಿದ್ದರು. ವಾಪಸು ಬರುವಾಗ ಯಜಮಾನರ ಮುಖ ನೋಡಬೇಕಿತ್ತು.

ವರ್ಷಗಳು ಕಳೆದವು. ಅವರಿಗೆ ವಯಸ್ಸಾಗುತ್ತಿದೆ ಎಂದು ಕಂಡಿತ್ತೇ? ಕಂಡಿತ್ತು. ಕಂಡರೂ ನೋಡಲಿಲ್ಲ ಎನ್ನಬೇಕು. ಕಾರಿನ ಕೆಳಗಿನಿಂದ ಎದ್ದು ಬರಲು ಬಂಪರ್ ಹಿಡಿಯುತ್ತಿದ್ದರು. ಮೊದಲು ಒಂದೇ ದಿನದಲ್ಲಿ ಒಂದಾದ ಮೇಲೊಂದು ಎರಡೂ ಚಕ್ರ ಮುಗಿಸುತ್ತಿದ್ದವರು ಈಗ ದಿನಕ್ಕೊಂದು ಎನ್ನತೊಡಗಿದ್ದರು. ಕೆಲಸದ ನಡುವೆ ಸ್ಪ್ಯಾನರ್ ಹಿಡಿದುಕೊಂಡೇ ಸುಮ್ಮನೆ ರಸ್ತೆ ನೋಡುತ್ತ ನಿಂತುಬಿಡುತ್ತಿದ್ದರು. ನಾವೆಲ್ಲ ಬಂದು, "ನಿಮ್ಮ ಕೈಯಲ್ಲೇ ಆಗ್ಬೇಕು, ಬೇರೆಯವ್ರನ್ನ ನಂಬಲ್ಲ" ಎನ್ನುತ್ತಿದ್ದೆವು. ಅದು ಅವರಿಗೆ ನಾವು ಮಾಡುವ ಮರ್ಯಾದೆ ಎಂದುಕೊಂಡಿದ್ದೆವು. ಅಷ್ಟು ಜನರ ನಂಬಿಕೆಯನ್ನು ಒಬ್ಬ ಮನುಷ್ಯ ದಿನಾ ಹೊರಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ.

ಆ ಬುಧವಾರ ಬೆಳಿಗ್ಗೆ ಕಾರು ಒಯ್ದೆ. ಬ್ರೇಕ್ ಒತ್ತಿದರೆ ಮುಂದಿನಿಂದ ಕಬ್ಬಿಣ ಕೆರೆದ ಸದ್ದು. ಒಂದೊಂದಾಗಿ ಬಿಚ್ಚಿ ನೋಡಿ ಮುಚ್ಚಿ, ಡ್ರಮ್ಮು ಎರಡೂ ಸವೆದು ಗೀರು ಬಿದ್ದಿವೆ, ಶೂ ಪೂರ್ತಿ ಮುಗಿದಿವೆ, ಶೂ ಕೂರಿಸುವ ತಗಡಿನ ಪ್ಲೇಟಿಗೂ ತುಕ್ಕು ಹಿಡಿದಿದೆ, ಎಲ್ಲ ಇಳಿಸಬೇಕು ಎಂದರು. ಪುಣ್ಯಕ್ಕೆ ಡ್ರಮ್ಮುಗಳನ್ನು ಅವರು ತಂದಿಟ್ಟಿದ್ದರು.

"ಒಂದು ಚಕ್ರ ಇವತ್ತು, ಇನ್ನೊಂದು ನಾಳೆ. ನಾಳೆ ಸಾಯಂಕಾಲ ತಗೊಂಡು ಹೋಗಿ."

"ನಾಳೆ ಗುರುವಾರ ಮಾರಾಯ್ರೇ! ಹತ್ತು ಗಂಟೆಗೆ ಡಾಕ್ಟ್ರ ಹತ್ರ ಇರ್ಬೇಕು."

"ಬೇರೆ ಗಾಡಿ ನೋಡೋಕಾಗಲ್ವಾ ಅಮ್ಮ?"

ಆಗುತ್ತಿತ್ತು. ಮೈದುನನ ಜೀಪು ಇತ್ತು. ಅವನನ್ನು ಕೇಳಿದರೆ ಹೆಂಗಸರಿಗೆ ಕಾರು ಯಾಕೆ, ಮಾರಿಬಿಡಿ ಎಂಬ ಪುರಾಣ ಶುರುಮಾಡುತ್ತಾನೆ. ಅದನ್ನು ಕೇಳುವ ತಾಳ್ಮೆ ನನಗಿರಲಿಲ್ಲ. ನನ್ನದು ಹುಟ್ಟಿನಿಂದಲೇ ಅವಸರದ ಜೀವ, ಕುದಿಯುವ ಮೊದಲೇ ಹಾಲು ಇಳಿಸುವವಳು. ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ.

"ಎರಡೂ ಒಟ್ಟಿಗೆ ಬಿಚ್ಚಿ ಮುಗಿಸಿಬಿಡಿ. ಇಷ್ಟು ವರ್ಷ ಇದೇ ಕೆಲ್ಸ ಮಾಡಿದವ್ರಿಗೆ ಯಾವ್ದು ಎಡ ಯಾವ್ದು ಬಲ ಅಂತ ಗೊತ್ತಾಗಲ್ವಾ?"

ತಮಾಷೆಯೇ. ಆದರೆ ಚುಚ್ಚುವ ತಮಾಷೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಕೀಲಿ ಜೇಬಿಗೆ ಹಾಕಿಕೊಂಡು ಒಳಗೆ ಹೋಗುತ್ತಾರೆ ಎಂದೇ ಕಾದೆ. ಹೋಗಲಿಲ್ಲ. "ಆಯ್ತಮ್ಮ" ಎಂದರು. ಗೆದ್ದೆ ಅಂದುಕೊಂಡೆ ನಾನು!

ಎರಡೂ ಚಕ್ರ ಬಿಚ್ಚಿದರು. ಎರಡೂ ಪ್ಲೇಟು ಒಂದೇ ಡಬ್ಬದ ಸೀಮೆಎಣ್ಣೆಯಲ್ಲಿ ನೆನೆದವು, ಒಂದೇ ಚೀಲದ ಮೇಲೆ ಬಿಸಿಲಿಗೆ ಒಣಗಿದವು. ಸಂಜೆಗೆ ಎಲ್ಲ ಜೋಡಿಸಿ ಬ್ರೇಕಿನ ಎಣ್ಣೆ ಪೈಪಿನೊಳಗಿನ ಗಾಳಿ ತೆಗೆಯುವಾಗ ನಾನೇ ಪೆಡಲ್ ಮೇಲೆ ಕಾಲಿಟ್ಟು ಕೂತು, ಅವರು "ಒತ್ತಿ, ಬಿಡಿ, ಒತ್ತಿ" ಎಂದ ಹಾಗೆ ಒತ್ತಿದೆ. ಪೆಡಲ್ ಗಟ್ಟಿಯಾಗಿ ನಿಂತಿತು. ಶೆಡ್ಡಿನಿಂದ ಹಿಂದಕ್ಕೆ ತೆಗೆದೆ, ಗಕ್ಕೆಂದು ಹಿಡಿಯಿತು. "ಭಾರೀ ಚೆನ್ನಾಗಿದೆ" ಎಂದೆ. ಅವರು ಕೈ ತೊಳೆಯಲು ಹೋದರು. ನಮ್ಮ ತೋಟಕ್ಕೆ ಇಳಿಜಾರು, ಅವರಿಲ್ಲದೆ ಇಳಿಸುವಂತಿಲ್ಲ, ಕಾರನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಹೋದೆ.

ಬೆಳಿಗ್ಗೆ ಯಜಮಾನರನ್ನು ಆಟೋದಲ್ಲಿ ಶೆಡ್ಡಿಗೆ ಕರೆತಂದು ಕಾರಿನ ಹಿಂದಿನ ಸೀಟಿನಲ್ಲಿ ದಿಂಬು ಒತ್ತಿ ಕೂರಿಸಿದೆ. ಒಗೆದ ಅಂಗಿ ಹಾಕಿಕೊಂಡು ಕಾದು ನಿಂತಿದ್ದ ಶೆಡ್ಡಿನವರು ಎಡಕ್ಕೆ ಹತ್ತಿ ಕೂತರು. ಸ್ವಲ್ಪ ಮುಂದೆ ಹೋದರೆ ಮೊದಲ ಇಳಿಜಾರು, ಅದರ ಬುಡದಲ್ಲಿ ತಿರುವು. ತಿರುವಿನಲ್ಲಿ ಒಂದು ಜೀಪು ನಿಂತು, ಕಾಫಿ ಹಣ್ಣು ಕೊಯ್ಯಲು ಹೊರಟ ಹೆಂಗಸರನ್ನು ಹತ್ತಿಸಿಕೊಳ್ಳುತ್ತಿತ್ತು. ನಾನು ಬ್ರೇಕ್ ಒತ್ತಿದೆ. ಪೆಡಲ್ ಕಲ್ಲಿನಂತೆ ಗಟ್ಟಿ. ಕಾರು ಮಾತ್ರ ಕೇಳಲೊಲ್ಲದು! ಎರಡೂ ಕಾಲು ಇಟ್ಟು ಒತ್ತಿದೆ, ವೇಗ ಒಂದಿಷ್ಟು ತಗ್ಗಿತು ಅಷ್ಟೇ. ಜೀಪಿನ ಹಿಂದೆ ಬುಟ್ಟಿ ಹಿಡಿದು ನಿಂತ ಹೆಂಗಸರ ಮುಖ ಕಾಣುತ್ತಿತ್ತು.

"ಕ್ಲಚ್ ಒತ್ತಿ" ಎಂದರು, ದನಿ ಏರಿಸದೆ. ಒತ್ತಿದೆ. ಸ್ಟೇರಿಂಗ್ ಬುಡದ ಗೇರನ್ನು ಅವರೇ ಸೆಕೆಂಡಿಗೆ ತಳ್ಳಿದರು. "ಬಿಡಿ" ಎಂದರು. ಕಾರು ಗೋಳಾಡಿತು. ಆಮೇಲೆ ಕೈ ಚಾಚಿ ಸ್ಟೇರಿಂಗನ್ನು ತಮ್ಮ ಕಡೆಗೇ ಎಳೆದುಕೊಂಡರು. ಎಡಕ್ಕೆ ಗೋಡೆಯಂತೆ ಎದ್ದ ಮಣ್ಣಿನ ಧರೆ. ಕಾರು ಅದಕ್ಕೆ ಉಜ್ಜಿಕೊಂಡು ಅಷ್ಟು ದೂರ ಹೋಗಿ ನಿಂತಿತು. ಜೀಪಿಗೂ ನಮಗೂ ನಡುವೆ ಎರಡಾಳು ಜಾಗವಿತ್ತು.

ಎಡಗಡೆಯ ಬಾಗಿಲು ಒಳಕ್ಕೆ ಬಂದು ಅವರ ತೋಳಿಗೆ ಬಡಿದಿತ್ತು. ಹಿಂದಿನಿಂದ ಯಜಮಾನರು "ಹೋಗ್ಲಿ, ಹೋಗ್ಲಿ, ಹೋಗ್ಲಿ" ಎನ್ನುತ್ತಿದ್ದರು. ನಾನು ಇಳಿದು ದಾರಿ ಬಿಟ್ಟ ಮೇಲೆ ಶೆಡ್ಡಿನವರು ನನ್ನ ಬಾಗಿಲಿನಿಂದಲೇ ಇಳಿದು, ಧರೆಯಿಂದ ಬಿಡಿಸಲು ಸ್ವಲ್ಪ ಹಿಂದಕ್ಕೆ ತೆಗೆಯಿರಿ ಎಂದರು. ಮತ್ತೆ ಹತ್ತಿ ಕೂತು ತೆಗೆದೆ, ಬ್ರೇಕ್ ಒತ್ತಿದೆ. ಚಕ್ರ ಗಕ್ಕೆಂದು ಕಚ್ಚಿ ನಿಂತಿತು.

ಆ ಸದ್ದು ಕೇಳಿ ಅವರು ಹಣೆಗೆ ಕೈ ಹಚ್ಚಿ ಧರೆಯ ಬುಡದಲ್ಲಿ ಕೂತುಬಿಟ್ಟರು.

"ಎಡದ್ದು ಬಲಕ್ಕೆ ಹೋಗಿದೆ ಅಮ್ಮ."

ಅವರೇ ಬಿಡಿಸಿ ಹೇಳಿದರು. ಮುಂದಿನ ಚಕ್ರಗಳ ಎರಡೂ ಶೂ ಮುಂದಕ್ಕೆ ಉರುಳುವಾಗ ಕಚ್ಚುವ ಹಾಗೆ ಕೂತಿರುತ್ತವೆ. ಪ್ಲೇಟು ಎಡಬಲವಾದರೆ ಹಿಂದಕ್ಕೆ ಉರುಳುವಾಗ ಕಚ್ಚುತ್ತವೆ, ಮುಂದಕ್ಕೆ ಬರೀ ಸವರುತ್ತವೆ. ಅಷ್ಟು ಹೊತ್ತಿಗೆ ಜೀಪಿನವರೆಲ್ಲ ಓಡಿ ಬಂದಿದ್ದರು. ಅವರೆದುರಿಗೇ, ಯಾರೂ ಕೇಳದೆ, "ನಂದೇ ತಪ್ಪು. ಎಡಬಲ ತಪ್ಪಿ ಹಾಕಿದೀನಿ" ಎಂದರು. ಒಬ್ಬ ಹೆಂಗಸು ಅವರ ತೋಳಿಗೆ ತಲೆವಸ್ತ್ರ ಬಿಚ್ಚಿ ಕಟ್ಟಿದಳು. ನಾನು ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದೆ.

ಆಗ ಹೇಳಬಹುದಿತ್ತು. ಎರಡೂ ಬಿಚ್ಚಿಸಿದ್ದು ನಾನು, ಈ ಮನುಷ್ಯ ಬೇಡ ಎಂದಿದ್ದರು ಎಂದು. ಹೇಳಲಿಲ್ಲ.

ತೋಳು ಮಾಗುವ ಮೊದಲೇ ಅವರು ನನ್ನ ಕಾರನ್ನು ಮತ್ತೆ ಬಿಚ್ಚಿದರು, ಈ ಸಲ ದಿನಕ್ಕೊಂದೇ ಚಕ್ರ. ಮೈದುನ ಶೆಡ್ಡಿಗೇ ಬಂದು, "ಕಣ್ಣು ಕಾಣದ ಮೇಲೆ ಕೈ ಬಿಡ್ಬೇಕಪ್ಪ. ನಮ್ಮ ಅತ್ತಿಗೆ ಜೀವ ತೆಗೀತಿದ್ಯಲ್ಲೋ" ಎಂದ. ಅವರಿಗಿಂತ ಹದಿನೈದು ವರ್ಷ ಚಿಕ್ಕವನು ಏಕವಚನದಲ್ಲಿ ಆಡಿದ. ನಾನು ಅಲ್ಲೇ, ಅವನ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಟ್ಟರೆ ಕಾರು ನನ್ನ ಕೈತಪ್ಪುತ್ತದೆ, ನಿನ್ನ ಅವಸರದಿಂದಲೇ ಆಯಿತೆಂದು ಇವನು ಕೀಲಿ ಕಿತ್ತುಕೊಳ್ಳುತ್ತಾನೆ ಎಂಬ ಲೆಕ್ಕ ನನ್ನೊಳಗೆ ನಡೆದಿತ್ತು. ಶೆಡ್ಡಿನವರು ಅವನ ಮಾತಿಗೆ "ಹೌದು ಸ್ವಾಮಿ" ಎಂದರು. ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಸುದ್ದಿ ಮೂಡಿಗೆರೆ ಸಂತೆ ಮುಟ್ಟಲು ಎಷ್ಟು ಹೊತ್ತು ಬೇಕು? ಜನ ಅದಕ್ಕೆ ಕೈಕಾಲು ಮೂಡಿಸಿದರು. ಕಾರು ತಂದವರಿಗೆಲ್ಲ ಶೆಡ್ಡಿನವರೇ ಮೊದಲು ಆ ಕಥೆ ಹೇಳುತ್ತಿದ್ದರು, ಹೇಳಿ, "ಬ್ರೇಕ್ ಕೆಲ್ಸ ನಾನು ಬಿಟ್ಟೆ, ಬೇರೆ ಕಡೆ ತೋರ್ಸಿ" ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಊರಿಗೆಲ್ಲ ಸಾರುವ ದರ್ದು ಏನಿತ್ತು ಈ ಮನುಷ್ಯನಿಗೆ? ಅವರು ಒಂದೊಂದು ಸಲ ಹೇಳಿದಾಗಲೂ ನಾನು ಹೇಳದೆ ಉಳಿದದ್ದು ಇನ್ನಷ್ಟು ದೊಡ್ಡದಾಗುತ್ತಿತ್ತು, ಸಿಟ್ಟಿನ ಮೂಲ ಅದು. ಬ್ರೇಕಿನ ಕೆಲಸವಿಲ್ಲದ ಮೇಲೆ ಅವರ ಶೆಡ್ಡಿಗೆ ಬರುವವರು ಕಡಿಮೆಯಾದರು. ಎರಡು ಮಳೆಗಾಲ ಕಳೆದ ಮೇಲೆ ತಗಡಿನ ಕೆಳಗೆ ಸಿಮೆಂಟು ಚೀಲ ಪೇರಿಸಿದ್ದು ಕಂಡಿತು, ಯಾರಿಗೋ ಬಾಡಿಗೆ ಕೊಟ್ಟಿದ್ದರು. ನಾನು ಆ ದಾರಿಯಲ್ಲಿ ಹೋಗುವಾಗ ಬಲಕ್ಕೆ ನೋಡುವುದನ್ನು ಬಿಟ್ಟೆ.

ಯಜಮಾನರು ತೀರಿಕೊಂಡರು. ಡಾಕ್ಟರ ಗುರುವಾರಗಳು ಮುಗಿದವು. ಕಾರನ್ನು ಕೊಟ್ಟುಬಿಟ್ಟೆ, ಮೈದುನನ ಮಾತಿಗಲ್ಲ, ಹೋಗಬೇಕಾದ ಜಾಗವೇ ಇರಲಿಲ್ಲ. ಅದಾದ ಮೇಲೆ ಒಂದು ದಿನ ಬಸ್ಸಿನಲ್ಲಿ ಹೋಗುತ್ತಿದ್ದವಳು ಅವರ ಮನೆಯ ಮುಂದೆ ಇಳಿದುಬಿಟ್ಟೆ. ಜಗುಲಿಯಲ್ಲಿ ಕೂತಿದ್ದರು. ಕೈ ಎಷ್ಟು ಬೆಳ್ಳಗಾಗಿತ್ತು! ಉಗುರಿನ ಸಂದಿಯಲ್ಲೂ ಕಪ್ಪಿರಲಿಲ್ಲ. ಅದನ್ನು ನೋಡಿಯೇ ನನಗೆ ಅಳು ಬಂತು. ಒಳಗಿನಿಂದ ಅವರ ಹೆಂಡತಿ ಬೆಲ್ಲದ ಕಾಫಿ ತಂದುಕೊಟ್ಟರು. ಶೆಡ್ಡಿನವರು ಯಜಮಾನರ ಬಗ್ಗೆ ಕೇಳಿದರು, ಪೂರ್ತಿ ಕೇಳಿಸಿಕೊಂಡರು.

ಲೋಟ ಕೆಳಗಿಟ್ಟು ಹೇಳಿದೆ. "ಅವತ್ತು ಎರಡೂ ಚಕ್ರ ಬಿಚ್ಚಿಸಿದ್ದು ನಾನು. ತಪ್ಪು ನಂದು. ನಿಮ್ಮ ಹೆಸರು ಹಾಳಾಗೋದನ್ನ ಸುಮ್ನೆ ನೋಡ್ತಾ ನಿಂತೆ. ಈಗ್ಲಾದ್ರೂ ಬೈದುಬಿಡಿ ಮಾರಾಯ್ರೇ."

ಅವರು ಬೈಯಲಿಲ್ಲ.

"ಅವಸರ ಎಲ್ರೂ ಮಾಡ್ತಾರಮ್ಮ. ಇಲ್ಲ ಅನ್ನೋದು ನನ್ನ ಕೆಲ್ಸ. ಅವತ್ತು ಇಲ್ಲ ಅನ್ನೋಕೂ ಶಕ್ತಿ ಇರ್ಲಿಲ್ಲ. ಅಷ್ಟು ಸುಸ್ತಾಗಿತ್ತು."

"ಸುಸ್ತಾಗಿದೆ ಅಂತ ಒಂದ್ಮಾತು ನಂಗೆ ಹೇಳ್ಬಾರ್ದಿತ್ತಾ?"

ಅವರು ನನ್ನ ಮುಖ ನೋಡಿದರು. ಅವರ ದನಿಯಲ್ಲಿ ಚೂರೂ ಕೊಂಕಿರಲಿಲ್ಲ, ನನಗೆ ಗೊತ್ತಿಲ್ಲದ್ದನ್ನು ತಿಳಿಸುವವರ ಹಾಗೆ ಹೇಳಿದರು.

"ನೀವು ಅವಸರದಲ್ಲಿದ್ರಲ್ಲಮ್ಮ."